ದೊಡ್ಡಪ್ಪ ಹೊಲಿದ ಒಳಜೇಬು

ನಾನು ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಕಿತ್ತುಹೋದ ಗುಂಡಿ ಹೊಲಿದುಕೊಳ್ಳಲು ಬಾರದವನು ದಿನವಿಡೀ "ಹೊಲಿಗೆ ನೋಡಿ ಸಾರ್, ಎಷ್ಟು ಗಟ್ಟಿ" ಎನ್ನುತ್ತಿರುತ್ತೇನೆ. ದೊಡ್ಡಪ್ಪ ಟೈಲರ್. ತಮ್ಮ ಗಿರಾಕಿಗಳನ್ನು ನುಂಗಿದ್ದು ನನ್ನಂಥವರೇ ಎಂದು ಗೊತ್ತಿದ್ದೂ ನನ್ನ ಪ್ಯಾಂಟಿನ ಅಂಚನ್ನು ಈಗಲೂ ಅವರೇ ಮಡಿಚಿ ಹೊಲಿದುಕೊಡುತ್ತಾರೆ.

ಎಪ್ಪತ್ತು ದಾಟಿದ ಮೇಲೆ ಒಂದು ದಿನ ಅವರಿಗೆ ಮೂತ್ರ ಕಟ್ಟಿತು. ಪ್ರಾಸ್ಟೇಟ್ ಗ್ರಂಥಿ ಊದಿ ದಾರಿಯನ್ನು ಅಮುಕಿಬಿಟ್ಟಿತ್ತು. ದೊಡ್ಡ ಆಪರೇಷನ್ ತಾಳುವ ಹೃದಯವಲ್ಲ ಎಂದ ಡಾಕ್ಟರು ಒಳಗೆ ನಳಿಕೆ ಇಳಿಸಿ, ತುದಿಗೆ ಚೀಲ ಕಟ್ಟಿ ಮನೆಗೆ ಕಳಿಸಿದರು.

ನೋವಿಗಿಂತ ಆ ಚೀಲವೇ ದೊಡ್ಡ ಕಾಟವಾಯಿತು. ಅಳತೆ ತೆಗೆಯಲು ಬಗ್ಗಿದರೆ ಅದೂ ಇಣುಕಿ ಗಿರಾಕಿಯನ್ನು ನೋಡುತ್ತಿತ್ತು.

"ಈ ಜೋಳಿಗೆ ಹೊತ್ಕೊಂಡು ಕೂರೋದಾದ್ರೆ ಅಂಗಡಿನೇ ಮುಚ್ತೀನಿ," ಎಂದರು ದೊಡ್ಡಪ್ಪ. ದೊಡ್ಡಮ್ಮ ಹೆದರಿದರು. ಮಷೀನ್ ಬಿಟ್ಟರೆ ಈ ಮನುಷ್ಯ ಹಾಸಿಗೆ ಹಿಡಿಯುತ್ತಾರೆ ಎಂದು ಅವರಿಗೆ ಗೊತ್ತು.

ಕೊನೆಗೆ ದೊಡ್ಡಪ್ಪನೇ ಒಂದು ಉಪಾಯ ಹೂಡಿದರು. ಪ್ಯಾಂಟಿನೊಳಗೆ, ಸೊಂಟಪಟ್ಟಿಗೆ ತಾಗಿದಂತೆ, ಚೀಲಕ್ಕೆಂದೇ ಒಂದು ಒಳಜೇಬು ಹೊಲಿದರು. ಹೊರಗಿನಿಂದ ಏನೂ ಕಾಣದು. "ಪೇಟೆಂಟ್ ಮಾಡ್ಸಿ ದೊಡ್ಡಪ್ಪ, ನಾನು ಮಾರ್ತೀನಿ," ಎಂದು ಹೊಗಳಿದೆ. ಅದನ್ನು ತೊಟ್ಟ ಎರಡೇ ದಿನಕ್ಕೆ ಚಳಿಜ್ವರ.

ಡಾಕ್ಟರು ಜೇಬು ನೋಡಿ ತಲೆ ಮೇಲೆ ಕೈಹೊತ್ತರು. "ಚೀಲ ಮೂತ್ರಕೋಶಕ್ಕಿಂತ ಕೆಳಗಿರ್ಬೇಕು ಯಜಮಾನ್ರೇ. ಸೊಂಟಕ್ಕೆ ಕಟ್ಕೊಂಡ್ರೆ ಬಂದಿದ್ದೆಲ್ಲ ವಾಪಸ್ ಹೋಗುತ್ತೆ."

"ಜೇಬನ್ನ ಮೊಣಕಾಲ ಹತ್ರ ಯಾವ ಟೈಲರ್ ಇಡ್ತಾನೆ ಹೇಳಿ?" ದೊಡ್ಡಪ್ಪ ನಡುಗುತ್ತಲೇ ಕೇಳಿದರು.

"ಇವನೂ ಚೆನ್ನಾಗಿದೆ ಅಂದ," ಎಂದು ದೊಡ್ಡಮ್ಮ ನನ್ನತ್ತ ಬೆರಳು ತೋರಿಸಿದರು. ಡಾಕ್ಟರು ನನ್ನ ಕೊರಳಿನ ಸೇಲ್ಸ್‌ಮನ್ ಟೈಯನ್ನೊಮ್ಮೆ ನೋಡಿ ಜ್ವರಕ್ಕೆ ಔಷಧಿ ಬರೆಯತೊಡಗಿದರು.

ಜ್ವರ ಇಳಿದ ಮೇಲೆ ಡಾಕ್ಟರೇ ಇನ್ನೊಂದು ದಾರಿ ಹೇಳಿದರು. ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ. ಗ್ರಂಥಿ ಅಮುಕಿದ ಜಾಗದಲ್ಲಿ ಕೂರಿಸಿದರೆ ದಾರಿಯನ್ನು ತೆರೆದು ಹಿಡಿದುಕೊಂಡು ಕಾಯಂ ಅಲ್ಲೇ ಇರುತ್ತದೆ. ಸೊಂಟದ ಕೆಳಗಷ್ಟೇ ಮರಗಟ್ಟಿಸಿದರೆ ಸಾಕು, ಹೃದಯಕ್ಕೆ ಭಾರವಲ್ಲ.

"ಆದ್ರೆ ಅದು ಜರುಗಬಹುದು, ಉರಿ ಇರಬಹುದು. ಸೋತಿರೋ ಮೂತ್ರಕೋಶ ತಾನಾಗಿ ತಳ್ಳುತ್ತೋ ಇಲ್ವೋ, ಹಾಕಿದ್ಮೇಲೇ ಗೊತ್ತಾಗೋದು."

"ತಳ್ಳದಿದ್ರೆ?"

"ಹೊಟ್ಟೆಗೇ ನಳಿಕೆ ಹಾಕ್ಬೇಕು. ಮತ್ತೆ ಚೀಲ."

"ಹಾಕ್ಬಿಡಿ ನಿಮ್ಮ ಸ್ಟೆಂಟು," ಎಂದರು ದೊಡ್ಡಪ್ಪ.

ಹಾಕಿದ ಮಾರನೆಯ ಬೆಳಿಗ್ಗೆ ಹೊಟ್ಟೆ ತುಂಬ ನೀರು ಕುಡಿದು ಅವರು ಆಸ್ಪತ್ರೆಯ ಶೌಚಾಲಯ ಹೊಕ್ಕರು. ಬಾಗಿಲ ಹೊರಗೆ ನಾನು, ದೊಡ್ಡಮ್ಮ. ಬಹಳ ಹೊತ್ತು ಸದ್ದಿಲ್ಲ.

"ನಲ್ಲಿ ಬಿಡ್ಲಾ ದೊಡ್ಡಪ್ಪ? ನೀರಿನ ಸದ್ದು ಕೇಳಿದ್ರೆ ಬರುತ್ತಂತೆ."

"ನೀನು ಬಾಯಿ ಮುಚ್ಚು, ಬರುತ್ತೆ."

ಮುಚ್ಚಿದೆ. ಮೊದಲು ತೊಟ್ಟು ತೊಟ್ಟಾಗಿ, ಆಮೇಲೆ ಧಾರೆಯಾಗಿ ಕೇಳಿಸಿತು. ದೊಡ್ಡಮ್ಮ ಗೋಡೆಗೊರಗಿ ನಗತೊಡಗಿದರು. ನರ್ಸು ಸ್ಕ್ಯಾನ್ ಮಾಡಿ, ಒಳಗೆ ಹೆಚ್ಚೇನೂ ಉಳಿದಿಲ್ಲ ಎಂದಳು.

ದೊಡ್ಡಪ್ಪ ಈಗ ಮತ್ತೆ ಅಂಗಡಿಯಲ್ಲಿದ್ದಾರೆ, ಆದರೆ ಉರಿಯೂ ಅವಸರವೂ ಇನ್ನೂ ಪೂರ್ತಿ ಹೋಗಿಲ್ಲ. ತೋಳಿನ ಅಳತೆಯನ್ನು ಅರ್ಧಕ್ಕೇ ಬಿಟ್ಟು ಅಂಗಡಿಯ ಹಿಂಬದಿಗೆ ಓಡುತ್ತಾರೆ. ಕೈ ಚಾಚಿ ನಿಂತ ಗಿರಾಕಿಗೆ ಒಳಗಿನಿಂದಲೇ ಹೇಳುತ್ತಾರೆ: "ಕೈ ಇಳಿಸ್ಬೇಡಿ ಸಾರ್, ಬಂದೆ."