ಕಬ್ಬಿಣಕ್ಕೆ ಕಿವಿ ಮುಚ್ಚದವರು

ಬಿಳೀ ತುರುಬು, ತುರುಬಿನಲ್ಲಿ ಒಂದು ತುಂಡು ಕನಕಾಂಬರ, ಅದನ್ನು ಅಪ್ಪಚ್ಚಿ ಮಾಡಿಕೊಂಡು ಕೂತ ದೊಡ್ಡ ಕಪ್ಪು ಹೆಡ್‌ಫೋನು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಉದ್ದನೆ ಕೋಲಿನ ಮಿಷನ್ನು ಹಿಡಿದು, ಅದರ ತುದಿಯ ತಟ್ಟೆಯನ್ನು ನೆಲಕ್ಕೆ ತಾಗಿಸದ ಹಾಗೆ ಆಡಿಸುತ್ತಾ ಟೀಚರಮ್ಮ ಬರುತ್ತಿದ್ದರೆ, ಬೋಗಾದಿಯ ನಮ್ಮ ಬೀದಿ ನಾಯಿಗಳೂ ಬೊಗಳುವುದನ್ನು ಮರೆತು ನೋಡುತ್ತಿದ್ದವು.

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದವರು. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ರಿಟೈರಾಗಿದ್ದರು. ಮಣ್ಣಿನೊಳಗೆ ಲೋಹ ಇದ್ದರೆ ಆ ಮಿಷನ್ನು ಕೂಗುತ್ತದೆ. ಬ್ರಿಟಿಷರ ಕಾಲದ ಕಾಸು, ಸಿಪಾಯಿ ಅಂಗಿಯ ಗುಂಡಿ, ಬೀಗದ ಕೈ, ಇಂಥವನ್ನು ಹುಡುಕುವುದು ಅವರ ಹುಚ್ಚು. ಹುಚ್ಚು ಅಂದದ್ದು ನಾನಲ್ಲ, ಬೀದಿಯವರು. 'ನಿಧಿ ಅಜ್ಜಿ' ಅಂತಲೂ ಹೆಸರಿಟ್ಟರು. ಒಬ್ಬನಂತೂ ಮುಖಕ್ಕೇ ಕೇಳಿದ, "ಏನಜ್ಜಿ, ಕೊಪ್ಪರಿಗೆ ಸಿಕ್ತಾ?"

ಟೀಚರಮ್ಮ ಹೆಡ್‌ಫೋನು ತೆಗೆದರು. "ಸಿಕ್ತಪ್ಪಾ. ನಿಮ್ಮನೆ ಅಡಿಗೇ ಇದೆ ಅಂತಿದೆ ಮಿಷನ್ನು. ಗೋಡೆ ಒಡೀಬೇಕು. ಯಾವಾಗ ಬರ್ಲಿ?"

ಪರವಾನಗಿ ಇಲ್ಲದ ಕಡೆ ಅವರು ಕಾಲಿಡುತ್ತಿರಲಿಲ್ಲ. ಸಿಕ್ಕ ಹಳೇ ಕಾಸಿನ ಫೋಟೋ ತೆಗೆದುಕೊಂಡು, ಕಾಸನ್ನು ಸರ್ಕಾರಿ ಕಚೇರಿಗೆ ಒಪ್ಪಿಸಿ ಬರುತ್ತಿದ್ದರು. ಅಗೆದ ಗುಂಡಿಗೆ ಅದೇ ಮಣ್ಣು ತುಂಬಿ, ಹುಲ್ಲಿನ ಹೆಂಟೆ ಮೇಲಿಟ್ಟು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತುಳಿದು, "ಮಲಕ್ಕೋ" ಅನ್ನುವರು, ಮಗುವಿಗೆ ಹೊದಿಸಿದ ಹಾಗೆ.

ಎಲ್ಲೆಂದರಲ್ಲಿ ಹುಡುಕುವವರೂ ಅಲ್ಲ. ಮೊದಲು ಹಳೇ ಸರ್ವೆ ನಕ್ಷೆ ಹಾಸಿ ಬಂಡಿದಾರಿ ಎಲ್ಲಿತ್ತು ಅಂತ ನೋಡುವರು. ಆಮೇಲೆ ನನ್ನಂಥ ಹಳಬರಿಗೆ ಕಾಫಿ ಕೊಟ್ಟು, "ಯಜಮಾನ್ರೇ, ಜನ ಎಲ್ಲಿ ಕೂರ್ತಿದ್ರು ಹೇಳಿ. ನಿಂತವರ ಕಾಸು ಬೀಳಲ್ಲ, ಕೂತು ಎದ್ದವರದ್ದು ಬೀಳುತ್ತೆ," ಅನ್ನುವರು. ನಾನು ಓದಿದ್ದು ಎರಡನೇ ಕ್ಲಾಸು. ನನ್ನನ್ನು ಕೂರಿಸಿಕೊಂಡು ಚರಿತ್ರೆ ಕೇಳಿದವರು ಅವರೊಬ್ಬರೇ.

ನಮ್ಮ ಮನೆ ಎದುರಿನ ಖಾಲಿ ಜಾಗದಲ್ಲಿ ಬಡಾವಣೆಯ ಸಂಘದವರು ಪಾರ್ಕು ಮಾಡಲು ಹೊರಟರು. ಗೇಟಿನ ಹತ್ತಿರ ಕಲ್ಲು ನೆಟ್ಟು ಜಾಗದ ಚರಿತ್ರೆ ಬರೆಸುತ್ತಾರಂತೆ. ಏನಂತ? 'ಬಡಾವಣೆಗೆ ಮುಂಚೆ ಇಲ್ಲಿ ಬರೀ ಪಾಳು ಇತ್ತು' ಅಂತ. ನನಗೆ ಮೈಯೆಲ್ಲಾ ಉರಿಯಿತು. ಅದೇ ಜಾಗದಲ್ಲಿ, ಹುಣಸೆಮರದ ಕೆಳಗೆ, ನಮ್ಮಪ್ಪ ಬದುಕೆಲ್ಲಾ ಕೂತು ಗಾಡಿ ಎತ್ತುಗಳಿಗೆ ಲಾಳ ಕಟ್ಟಿದ. ಬ್ರಿಟಿಷರು ಇದ್ದಾಗಲೂ ಕಟ್ಟಿದ, ಹೋದ ಮೇಲೂ ಕಟ್ಟಿದ. ಹೋಗಿ ಹೇಳಿದೆ. ಸಂಘದ ಅಧ್ಯಕ್ಷರು ನಕ್ಕರು. "ತಾತ, ಮರ ಎಲ್ಲಿ? ದಾಖಲೆ ಎಲ್ಲಿ?"

ಟೀಚರಮ್ಮನಿಗೆ ಹೇಳಿದೆ. ಪರವಾನಗಿ ತಂದು ಮಿಷನ್ನು ಹಿಡಿದು ಇಳಿದೇಬಿಟ್ಟರು. ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು ಮಣ್ಣು ಬಗೆಯಲು ನಿಂತಳು. ಆ ಮಿಷನ್ನಿನಲ್ಲಿ ಒಂದು ಬಟನ್ನಿದೆ. ಒತ್ತಿದರೆ ಕಬ್ಬಿಣ ಕೇಳಿಸುವುದಿಲ್ಲ, ಕಾಸು ಮಾತ್ರ ಕೇಳಿಸುತ್ತದೆ. ಕಾಸಿನ ಆಸೆಯವರೆಲ್ಲ ಹಾಗೇ ಮಾಡುವುದಂತೆ. ಮೊಮ್ಮಗಳೂ ಗೊಣಗಿದಳು, "ಬರೀ ತುಕ್ಕೇ ಬರ್ತಿದೆ ಟೀಚರ್, ಕಬ್ಬಿಣ ಆಫ್ ಮಾಡಿ."

"ಯಾಕೆ ಮಾಡ್ಲಿ? ಊರವರು ದುಡಿದದ್ದೆಲ್ಲ ಕಬ್ಬಿಣ ಹಿಡ್ಕೊಂಡೇ ಕಣಮ್ಮ."

ತೂತಿನ ಕಾಸು ಸಿಕ್ಕವು, ರಾಜನ ತಲೆಯ ಕಾಸೂ ಸಿಕ್ಕವು. ಆದರೆ ಒಂದು ಮೂಲೆಯಲ್ಲಿ ಮಿಷನ್ನು ಬಾಯಿ ಮುಚ್ಚಲೇ ಇಲ್ಲ. ಬಗೆದರೆ ಲಾಳ! ಲಾಳದ ಮೇಲೆ ಲಾಳ, ಸವೆದು ಎಲೆಯಂತಾದ ಲಾಳ, ಬಗ್ಗಿದ ಮೊಳೆ. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ನಮ್ಮಪ್ಪ ಹಾಗೇ ಕೂರುತ್ತಿದ್ದ.

ಅಧ್ಯಕ್ಷರು ಬಂದು ಕಾಸು ನೋಡಿ ಅರಳಿಬಿಟ್ಟರು. "ಭಲೇ! ರಾಜನ ಕಾಸಿನ ಚಿತ್ರ ಕಲ್ಲಿನ ಮೇಲೆ ಕೆತ್ತಿಸ್ಬುಡೋಣ. ಲಾಳ ಗೀಳ ಬೇಡ, ಗುಜರಿ ಥರ ಕಾಣುತ್ತೆ."

"ಯಾಕ್ರೀ ಬೇಡ?" ಟೀಚರಮ್ಮ ಕೆಸರುಗೈಯಲ್ಲೇ ಎದ್ದು ನಿಂತರು. "ಲಾಳ ದಾರೀಲಿ ಬಿದ್ರೆ ಒಂದೊಂದು ಬೀಳುತ್ತೆ. ಸವೆದದ್ದೆಲ್ಲ ಒಂದೇ ಕಡೆ ರಾಶಿ ಇದೆ ಅಂದ್ರೆ, ಯಾರೋ ಅಲ್ಲೇ ಕೂತು ಹಳೇದು ಕಿತ್ತು ಹೊಸದು ಕಟ್ಟಿದ್ದಾರೆ. ದಾಖಲೆ ಕೇಳಿದ್ರಲ್ಲ, ತಗೊಳ್ಳಿ. ಕಾಸು ಹಾದು ಹೋದವರದ್ದು, ಲಾಳ ಇಲ್ಲೇ ಇದ್ದವರದ್ದು. ಬರೆದ್ರೆ ಎರಡೂ ಬರೀರಿ. ಇಲ್ದಿದ್ರೆ ಕಾಸಿನ ಫೋಟೋನೂ ನಾನು ಕೊಡಲ್ಲ."

ಕೊಡಲಿಲ್ಲ. ಅವರೂ ಬರೆಯಲಿಲ್ಲ. 'ಪಾಳು' ಅಂತಲೇ ಕಲ್ಲು ನಿಂತಿತು.

ಅಷ್ಟರಲ್ಲಿ ಟೀಚರಮ್ಮ ಹಾಸಿಗೆ ಹಿಡಿದಿದ್ದರು. ಮಿಷನ್ನನ್ನು ಮೊಮ್ಮಗಳ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, "ಯಜಮಾನ್ರೇ, ಕಲ್ಲು ಅವರದ್ದು. ಕಾಂಪೌಂಡ್ ಗೋಡೆ ನಿಮ್ದಲ್ವಾ?" ಅಂದರು. ಆ ವಾರವೇ ಹೋಗಿಬಿಟ್ಟರು.

ಪಾರ್ಕಿನ ಗೇಟಿಗೆ ಸರಿಯಾಗಿ ಎದುರು ನಮ್ಮ ಗೋಡೆ. ಹಳೇ ಗಾರೆ ಕೆತ್ತಿಸಿ ಹೊಸ ಸಿಮೆಂಟು ಮೆತ್ತಿಸಿದೆ. ಹಸಿ ಇರುವಾಗಲೇ ಮೊಮ್ಮಗಳು ಲಾಳಗಳನ್ನು ಒತ್ತಿ, ಕೆಳಗೆ ಮೊಳೆಯಲ್ಲಿ ಬರೆದಳು: 'ಎದುರಿನ ಜಾಗದಲ್ಲಿ ನನ್ನ ಮುತ್ತಾತ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಅದು ಪಾಳಲ್ಲ.'

ಅಧ್ಯಕ್ಷರು ಓಡಿ ಬಂದರು. "ತಾತ, ಪಾರ್ಕಿನ ಅಂದ ಕೆಡುತ್ತೆ, ತೆಗೆಸಿ."

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಅಂದಳು, "ಸಿಮೆಂಟು ಒಣಗ್ಬುಟ್ಟಿದೆ ಅಂಕಲ್. ಗೋಡೆ ಒಡೀಬೇಕು. ಯಾವಾಗ ಬರ್ತೀರಾ?"

ಅಯ್ಯೋ, ನನ್ನ ಹಿಗ್ಗು ಏನು ಹೇಳಲಿ! ಟೀಚರಮ್ಮನದೇ ಮಾತು, ಟೀಚರಮ್ಮನದೇ ಗತ್ತು. ರಸ್ತೆ ಮಧ್ಯೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಈಗ ಭಾನುವಾರ ಬಂದರೆ ಆ ಕಪ್ಪು ಹೆಡ್‌ಫೋನು ನನ್ನ ಮೊಮ್ಮಗಳ ಜಡೆ ಮೇಲೆ. ಗುಂಡಿ ಮುಚ್ಚಿ ಬರಿಗಾಲಲ್ಲಿ ತುಳಿಯುತ್ತಾಳೆ. ಕಬ್ಬಿಣ ಕೇಳಿಸದಂತೆ ಮಾಡುವ ಆ ಬಟನ್ನಿನ ಮೇಲೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿಬಿಟ್ಟಿದ್ದಾಳೆ.