ತುಮ್ಮಲಕುಂಟೆಯ ಇಪ್ಪತ್ತಾರು ಮನೆಗಳು

ಬೆಳಗ್ಗೆ ಐದೂವರೆ. ಕೋಲಾರದ ಕಠಾರಿಪಾಳ್ಯದ ಹೆಂಚಿನ ಮನೆಯೊಂದರಲ್ಲಿ ಅನಸೂಯಮ್ಮ ನೆಲದ ಮೇಲೆ ಟ್ರೇಸಿಂಗ್ ಹಾಳೆ ಹಾಸಿಕೊಂಡು ಕೂತಿದ್ದಾರೆ. ಹಾಳೆ ಸುರುಟಿಕೊಳ್ಳದಿರಲೆಂದು ನಾಲ್ಕು ಮೂಲೆಗೂ ಲೋಟಗಳನ್ನು ಇಟ್ಟಿದ್ದಾರೆ. ಪಕ್ಕದಲ್ಲಿ ಅಂಚೆ ಕಾರ್ಡುಗಳು. ಮೊದಲನೆಯದು ಮಾಲೂರಿಗೆ ಹೋಗಬೇಕು: 'ನಿಮ್ಮ ಬಾವಿಯ ಕಟ್ಟೆ ಮುಕ್ಕಾಲು ಇಂಚಿಗಿಂತ ಎತ್ತರ ಆಗಬಾರದು. ರಾಟೆ ತಿರುಗಲೇಬೇಕು. ಯುಗಾದಿಯೊಳಗೆ ಮುಗಿಸಿ.' ಆಫೀಸಿಗೆ ಹೊರಡುವ ಮುಂಚೆ ಇಂಥ ಎಂಟು ಕಾರ್ಡು ಬರೆಯುವುದು ಅವರ ದಿನಚರಿ.

ಅನಸೂಯಮ್ಮನಿಗೆ ಈಗ ನಲವತ್ತಾರು. ಸರ್ಕಾರಿ ಎಂಜಿನಿಯರಿಂಗ್ ಕಚೇರಿಯೊಂದರಲ್ಲಿ ಟ್ರೇಸರ್. ಎಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯನ್ನು ಶಾಯಿಯಲ್ಲಿ ತಿದ್ದಿ ತೆಗೆಯುವ ಕೆಲಸ. ಕ್ಯಾಲನೂರಿನವರು. ತಂದೆ ರಾಮಚಂದ್ರಪ್ಪ ಸರ್ವೆಯವರ ಹಿಂದೆ ಅಳತೆ ಸರಪಳಿ ಎಳೆಯುತ್ತಿದ್ದವರು. "ಅಪ್ಪನ ಭುಜದಲ್ಲಿ ಸರಪಳಿ ಹೊತ್ತ ಗುರುತು ಕೊನೇವರ್ಗೂ ಇತ್ತು. ನಾನು ನೆರಳಲ್ಲಿ ಕೂತು ಗೆರೆ ಎಳೀತೀನಿ, ನಂದೇನು ಕಷ್ಟ ಬಿಡಿ" ಎನ್ನುತ್ತಾರೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮೂವತ್ತೊಂದು ಮಂದಿ ಸೇರಿದ ಕಿರುಮಾದರಿ ಬಳಗ ಶುರುವಾದದ್ದು ೧೯೭೪ರಲ್ಲಿ. ವಾಚ್ ರಿಪೇರಿಯವರು, ಮೇಷ್ಟ್ರುಗಳು, ಹೆಂಚಿನ ಕಾರ್ಖಾನೆಯ ಕೆಲಸಗಾರರು ಬಿಡುವಿನಲ್ಲಿ ಬೆಂಕಿಕಡ್ಡಿ, ರಾಗಿ ಹುಲ್ಲು, ಜೇಡಿಮಣ್ಣಿನಿಂದ ಪುಟ್ಟ ಪುಟ್ಟ ಗಾಡಿ, ಗುಡಿ, ಮನೆ ಮಾಡುತ್ತಾರೆ. ಮೊದಲೆಲ್ಲ ಒಬ್ಬೊಬ್ಬರದು ಒಂದೊಂದು ಅಳತೆ. "ಒಬ್ರು ಮೊಳದುದ್ದ ರೈಲು ತಂದ್ರೆ ಇನ್ನೊಬ್ರು ಹೆಬ್ಬೆಟ್ಟಿನಷ್ಟು ಗೋಪುರ ತರೋರು. ಪಕ್ಕಪಕ್ಕ ಇಟ್ರೆ ನೋಡಕ್ಕಾಗ್ತಿರಲಿಲ್ಲ." ವರ್ಷಕ್ಕೊಂದು ವಿಷಯ, ಎಲ್ಲರೂ ಕೂಡಿ ಕಟ್ಟುವುದು, ಒಂದು ಅಡಿಗೆ ಕಾಲು ಇಂಚು ಎಂಬ ಒಂದೇ ಅಳತೆ: ಈ ಪದ್ಧತಿ ತಂದವರು ಅನಸೂಯಮ್ಮ.

ಅವರೂ ಒಂದು ಕಾಲದಲ್ಲಿ ಮಾಡುತ್ತಿದ್ದರು. ೧೯೭೯ರಲ್ಲಿ ಬಸ್ಸಿನಿಂದ ಬಿದ್ದು ಬಲ ಮಣಿಕಟ್ಟು ಮುರಿಯಿತು. ಸ್ಕೇಲಿನ ಆಸರೆ ಇದ್ದರೆ ಗೆರೆ ನೆಟ್ಟಗೆ ಬರುತ್ತದೆ. ಚಿಮಟ ಹಿಡಿದರೆ ಬೆರಳು ನಡುಗುತ್ತದೆ. ಅಂದಿನಿಂದ ಯಾರು ಏನು ಕಟ್ಟಬೇಕು, ಯಾವುದರ ಪಕ್ಕ ಯಾವುದು ಕೂರಬೇಕು ಎಂದು ಯೋಜಿಸುವುದಷ್ಟೇ ಅವರ ಪಾಲು. ಪ್ರದರ್ಶನದ ಫಲಕದಲ್ಲಿ ಮಾಡಿದವರ ಹೆಸರಿರುತ್ತದೆ. ಅನಸೂಯಮ್ಮನ ಹೆಸರು ಇರುವುದಿಲ್ಲ.

೧೯೮೪ರ ನವೆಂಬರಿನ ಒಂದು ಮಧ್ಯಾಹ್ನ ಶ್ರೀನಿವಾಸಪುರದ ಕಡೆಯ ಪುಟ್ಟ ಹಳ್ಳಿ ತುಮ್ಮಲಕುಂಟೆಯ ಕೆರೆ ಏರಿ ಒಡೆಯಿತು. ಇಪ್ಪತ್ತೇಳು ಮನೆಗಳೂ ಹೋದವು. ಹನ್ನೊಂದು ಜನ ಸತ್ತರು. ಉಳಿದವರಿಗೆ ದಿಣ್ಣೆಯ ಮೇಲೆ ಹೊಸ ನಿವೇಶನ ಕೊಟ್ಟರು. ಆ ಬಡಾವಣೆಯ ನಕ್ಷೆ ತಿದ್ದಲು ಅನಸೂಯಮ್ಮನ ಮೇಜಿಗೆ ಬಂತು. ಹೊಸ ಮನೆಗಳು ಸಾಲಾಗಿದ್ದವು. ಕೆಳಗಿನ ತಗ್ಗಿನಲ್ಲಿ ಚುಕ್ಕಿಗೆರೆಯ ಒಂದು ವೃತ್ತ, ಒಳಗೆ 'ಹಳೇ ಊರು' ಎಂಬ ಎರಡೇ ಪದ. "ಅದರ ಮೇಲೆ ಶಾಯಿ ಎಳೀಬೇಕು, ಕೈ ಬರಲಿಲ್ಲ. ಅಷ್ಟು ಜನ ಬಾಳಿದ ಜಾಗ, ಒಂದು ಓಣಿ ಕೂಡ ಇಲ್ವಲ್ಲ ಅನ್ನಿಸ್ತು."

ಮುಂದಿನ ವರ್ಷದ ವಿಷಯ ತುಮ್ಮಲಕುಂಟೆ ಎಂದು ಅವರು ಬಳಗದ ಸಭೆಯಲ್ಲಿ ಹೇಳಿದಾಗ ಮೊದಲು ಎದ್ದು ನಿಂತವರು ಮುಳಬಾಗಿಲಿನ ವಾಚ್ ರಿಪೇರಿಯ ಗೌಸ್ ಮೊಹಿದ್ದೀನ್. "ಅಕ್ಕಾ, ಮೌತ್ ಆಗಿರೋ, ಜನ ಸತ್ತಿರೋ ಮನೇನ ಆಟದ ಸಾಮಾನು ಮಾಡೋದಾ? ನನ್ ಕೈಲಿ ಆಗಲ್ಲ."

"ಹಾಗಾದ್ರೆ ಅವರನ್ನೇ ಕೇಳೋಣ ಗೌಸ್. ಬೇಡ ಅಂದ್ರೆ ಬಿಟ್ಬಿಡೋಣ" ಎಂದರು ಅನಸೂಯಮ್ಮ.

ಇಬ್ಬರೂ ಹೋಗಿ ಕೇಳಿದರು. ದಿಣ್ಣೆಯ ಮೇಲಿನ ಹಿರಿಯರು ಕಟ್ಟಿ ಎಂದರು. ಮುನಿಗಂಗಮ್ಮ ಒಬ್ಬರು ಮಾತ್ರ ಒಪ್ಪಲಿಲ್ಲ. ನೀರು ನುಗ್ಗಿದಾಗ ಅವರು ಮೇಲಿನ ತೋಟದಲ್ಲಿ ರೇಷ್ಮೆಗೆ ಸೊಪ್ಪು ಕೀಳುತ್ತಿದ್ದರು. ಗಂಡ, ಮಗಳು ಮನೆಯಲ್ಲಿದ್ದರು. "ವದ್ದಮ್ಮಾ. ಎಲ್ಲಾರ್ದೂ ಕಟ್ಕೊಳ್ಳಿ. ನಮ್ಮನೆ ಮಾತ್ರ ಬೇಡ. ನಾನು ನೋಡಲಾರೆ."

ಅನಸೂಯಮ್ಮ ಆ ವರ್ಷ ಹದಿನಾಲ್ಕು ಭಾನುವಾರ ಆ ದಿಣ್ಣೆ ಹತ್ತಿದರು. ಬಾಗಿಲು ಯಾವ ಕಡೆ, ದನ ಎಲ್ಲಿ ಕಟ್ಟುತ್ತಿದ್ದಿರಿ, ಹುಣಸೆ ಮರದ ನೆರಳು ಯಾರ ಜಗಲಿಗೆ ಬೀಳುತ್ತಿತ್ತು ಎಂದು ಮನೆ ಮನೆಯಲ್ಲಿ ಕೇಳಿ ಬರೆದುಕೊಂಡರು. ಇನ್ನೂರ ಹನ್ನೆರಡು ಕಾರ್ಡು ಬರೆದು ಕೆಲಸ ಹಂಚಿದರು. ಅವರು ಹಾಕಿದ ನಿಯಮ ಒಂದೇ: ಆ ಮನೆಯವರು ಹೇಳದ್ದನ್ನು ಕಟ್ಟುವಂತಿಲ್ಲ. ನಕ್ಷೆಯಲ್ಲಿ ಮುನಿಗಂಗಮ್ಮನ ಮನೆಯಿದ್ದ ಹದಿನಾಲ್ಕನೇ ಜಾಗವನ್ನು ಖಾಲಿ ಬಿಟ್ಟರು.

೧೯೮೬ರ ಜನವರಿಯಲ್ಲಿ ಶ್ರೀನಿವಾಸಪುರದ ಶಾಲೆಯೊಂದರ ಹಾಲಿನಲ್ಲಿ ಮೂರು ದಿನದ ಪ್ರದರ್ಶನ. ಮೊದಲ ದಿನ ಬೆಳಗ್ಗೆ ಅನಸೂಯಮ್ಮ ಬಂದು ನೋಡಿದರೆ ಹದಿನಾಲ್ಕನೇ ಜಾಗದಲ್ಲಿ ಮನೆ ಇದೆ. ಮಾಲೂರಿನ ಹೆಂಚಿನ ಕೆಲಸಗಾರ ಚನ್ನರಾಯಪ್ಪ ನೆರೆಯವರನ್ನು ವಿಚಾರಿಸಿ ಕಟ್ಟಿ ತಂದಿದ್ದರು. ಅಕ್ಕಿಕಾಳಿನಷ್ಟು ಹೆಂಚುಗಳು, ನಾನೂರಕ್ಕೂ ಹೆಚ್ಚು, ಒಂದೊಂದನ್ನೂ ಸುಟ್ಟು ಮಾಡಿದ್ದು. "ಇಡೀ ಊರಲ್ಲಿ ಅಷ್ಟು ಚೆನ್ನಾಗಿರೋ ಮನೆ ಇನ್ನೊಂದಿರಲಿಲ್ಲ" ಎಂದು ಅನಸೂಯಮ್ಮನೇ ಒಪ್ಪುತ್ತಾರೆ.

"ತೆಗೀರಿ ಚನ್ನರಾಯಪ್ಪ."

"ಎರಡು ತಿಂಗಳ ಕೆಲಸ ಮೇಡಂ! ನೋಡಿದ್ರೆ ಆ ಯಮ್ಮನಿಗೂ ಸಮಾಧಾನ ಆಗತ್ತೆ."

"ಆಗಬಹುದು. ಆದ್ರೆ ಅವರು ಬೇಡ ಅಂದಿದ್ದಾರೆ."

ಚನ್ನರಾಯಪ್ಪ ಮನೆಯನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಮಧ್ಯಾಹ್ನ ತುಮ್ಮಲಕುಂಟೆಯವರು ಎರಡು ಟ್ರ್ಯಾಕ್ಟರಿನಲ್ಲಿ ಬಂದರು. ಅವರ ಹಿಂದೆ, ಯಾರೂ ನಿರೀಕ್ಷಿಸದಿದ್ದ ಮುನಿಗಂಗಮ್ಮ. ಅವರು ಓಣಿಗಳ ಮೇಲೆ ಬೆರಳಾಡಿಸುತ್ತ ಬಂದು ಖಾಲಿ ಜಾಗದ ಎದುರು ನಿಂತರು.

"ಇಲ್ಲಿ ಏನೂ ಇಟ್ಟಿಲ್ವಲ್ಲ."

"ನೀವು ಬೇಡ ಅಂದಿದ್ರಲ್ಲಮ್ಮ" ಎಂದರು ಅನಸೂಯಮ್ಮ.

ಮುನಿಗಂಗಮ್ಮ ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ ತಾನಾಗಿಯೇ ಮಾತು ಬಂತು, ಅರ್ಧ ತೆಲುಗು, ಅರ್ಧ ಕನ್ನಡ. ಮಗಳು ಎಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು, ಗಂಡ ಬೀಡಿ ಎಲ್ಲಿ ಬಚ್ಚಿಡುತ್ತಿದ್ದ, ಎಲ್ಲ ಹೇಳಿದರು. ಅನಸೂಯಮ್ಮ ಪಕ್ಕದಲ್ಲಿ ಕೂತು ಕೇಳಿದರು. ಏನನ್ನೂ ಬರೆದುಕೊಳ್ಳಲಿಲ್ಲ. ಚನ್ನರಾಯಪ್ಪ ಬಾಗಿಲ ಬಳಿ ನಿಂತು ಕೇಳುತ್ತಿದ್ದರು.

ಹೊರಡುವಾಗ ಮುನಿಗಂಗಮ್ಮ ಹೇಳಿದರು: "ಮನೆ ಬೇಡ. ಬಾಗಿಲ ಮುಂದೆ ಒಂದು ಒರಳುಕಲ್ಲಿತ್ತು. ಕೆಸರಲ್ಲಿ ಅದೊಂದೇ ಸಿಕ್ಕಿದ್ದು ನಂಗೆ. ಅದನ್ನ ಇಡ್ತೀರಾ?"

ಮರುದಿನ ಮಧ್ಯಾಹ್ನ ಚನ್ನರಾಯಪ್ಪ ಶಿವಾರಪಟ್ಟಣದ ಶಿಲ್ಪಿಗಳು ಕೆತ್ತಿ ಬಿಸಾಡಿದ ಚೂರೊಂದನ್ನು ಉಜ್ಜಿ, ಕಡಲೆಕಾಳಿನಷ್ಟು ಒರಳು ಮಾಡಿ ತಂದು ಆ ಜಾಗದಲ್ಲಿ ಇಟ್ಟರು. ಅವರು ಕಟ್ಟಿದ ಮನೆ ಈಗಲೂ ಮಾಲೂರಿನಲ್ಲಿ ಪೆಟ್ಟಿಗೆಯೊಳಗಿದೆ. "ಆ ಯಮ್ಮ ಕೇಳಿದ ದಿನ ಕೊಡ್ತೀನಿ. ಕೇಳದಿದ್ರೆ ಇಲ್ಲ" ಎನ್ನುತ್ತಾರೆ.

ಕಿರಿದಾದ ತುಮ್ಮಲಕುಂಟೆ ಈಗ ದಿಣ್ಣೆಯ ಮೇಲಿನ ಶಾಲೆಯಲ್ಲಿದೆ. ಧೂಳು ಕೂರದಂತೆ ಗಾಜಿನ ಮುಚ್ಚಳ ಹಾಕಿಸಬೇಕು ಎಂಬುದಷ್ಟೇ ಅನಸೂಯಮ್ಮನ ಆಸೆ. ಹಿಂದಿನ ಪ್ರದರ್ಶನಗಳಲ್ಲಿ ಜನ ಎಷ್ಟು ಹೊಗಳುತ್ತಿದ್ದರು ಎಂದು ನೆನೆಯುತ್ತ, ಬರೆದು ಮುಗಿಸಿದ ಕಾರ್ಡುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಾರೆ.

"ಅವತ್ತು ಆ ಊರಿನೋರು ಒಬ್ರೂ ಚೆನ್ನಾಗಿದೆ ಅನ್ನಲಿಲ್ಲ ನೋಡಿ. ಬಗ್ಗಿ ನೋಡಿ, 'ಇದು ನಮ್ಮನೆ' ಅಂದ್ರು."