ಮಾಳಮ್ಮನ ಎದೆಗೆ ಕಟ್ಟಿದ ಕಂಬಳಿ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸುರಪುರದವಳಾದ ನಾನು ಆಗ ಶಹಾಪುರದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಕಾಲುವೆ ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದ ಕಾಲ. ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡವರು, ನಾಟಿ ಮಾಡಿ ಬೆನ್ನು ಹಿಡಿದುಕೊಂಡವರು ನನ್ನ ದಿನನಿತ್ಯದ ಗಿರಾಕಿಗಳು. ಎದೆಯ ಕೇಸು ಬರುವುದು ಅಪರೂಪವಾಗಿತ್ತು. ಹಾಗಾಗಿ ಮಾಳಮ್ಮ ಇನ್ನೂ ನೆನಪಿದ್ದಾಳೆ. ಅವಳ ಅಜ್ಜಿ ಬೀರವ್ವನಂತೂ ಅವಳಿಗಿಂತ ಹೆಚ್ಚು ನೆನಪಿದ್ದಾಳೆ.

ಮಾಳಮ್ಮ ಸಗರದ ಕುರಿಗಾರರ ಮನೆಯ ಹುಡುಗಿ, ಹತ್ತೊಂಬತ್ತರ ವಯಸ್ಸು. ಹುಟ್ಟಿನಿಂದಲೇ ಅವಳ ಎದೆಯ ನಡುಮೂಳೆ ಒಳಗೆ ಕುಸಿದಿತ್ತು. ಒಂದು ಬಟ್ಟಲು ಕೂರುವಷ್ಟು ತಗ್ಗು. ಇದಕ್ಕೆ ಪೆಕ್ಟಸ್ ಎಕ್ಸ್‌ಕವೇಟಮ್ ಎನ್ನುತ್ತಾರೆ. ಬರೀ ಅಂದದ ಮಾತಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಮೂಳೆ ಹೃದಯದ ಬಲಭಾಗವನ್ನು ಒತ್ತಿ ಎಡಕ್ಕೆ ತಳ್ಳಿದ್ದು ಎಕೋ ಪರೀಕ್ಷೆಯಲ್ಲಿ ಕಂಡಿತ್ತು. ಸ್ವಲ್ಪ ಏರು ಹತ್ತಿದರೂ ಅವಳಿಗೆ ಏದುಸಿರು. ಅಣ್ಣಂದಿರು ಹಿಂಡಿನ ಜೊತೆ ಹೋದರೆ ಇವಳು ಮನೆಯಲ್ಲಿ ರೊಟ್ಟಿ ಬಡಿಯುತ್ತ ಉಳಿಯುತ್ತಿದ್ದಳು.

ಆ ಮಳೆಗಾಲದಲ್ಲಿ ಹೈದರಾಬಾದಿನಲ್ಲಿ ಅವಳಿಗೆ ಶಸ್ತ್ರಚಿಕಿತ್ಸೆಯಾಯಿತು. ಬಾಗಿಸಿದ ಉಕ್ಕಿನ ಬಾರ್ ಒಂದನ್ನು ಮೂಳೆಯ ಕೆಳಗೆ ಇಟ್ಟು ಎದೆಯನ್ನು ಎತ್ತಿದ್ದರು. ಮೂಳೆ ಹೊಸ ಆಕಾರಕ್ಕೆ ಗಟ್ಟಿಯಾಗುವ ತನಕ, ಅಂದರೆ ಎರಡು ಮೂರು ವರ್ಷ, ಬಾರ್ ಒಳಗೇ ಇರಬೇಕು. ಇಂಥ ಆಪರೇಷನ್ ಆದಾಗ ಹೃದಯಕ್ಕೆ ಜಾಗ ಆಗಲೇ ಸಿಕ್ಕಿಬಿಡುತ್ತದೆ. ಶ್ವಾಸಕೋಶ ಮಾತ್ರ ಸತಾಯಿಸುತ್ತದೆ. ನೋವಿಗೆ ಹೆದರಿ ರೋಗಿ ಮೇಲುಮೇಲೆ ಉಸಿರಾಡುವುದರಿಂದ ಅದರ ಶಕ್ತಿ ಮೊದಲು ಕುಗ್ಗಿ, ಆಮೇಲೆ ನಿಧಾನ ಏರುತ್ತದೆ. ಏರಿಸುವುದು ನನ್ನ ಕೆಲಸ.

"ನಿನಗೇನು ಆಗಬೇಕವ್ವಾ?" ಎಂದು ಮೊದಲ ದಿನವೇ ಕೇಳಿದೆ.

"ಸುಗ್ಗಿ ಮುಗಿದ ಮ್ಯಾಲ ಹಿಂಡು ಹುಣಸಗಿ ಕಡಿ ಹೋಗ್ತದ್ರಿ. ಈ ಸಲ ನಾನೂ ಹೋಗಬೇಕ್ರಿ."

"ಹಂಗಾದ್ರ ಹೋಗೇ ಹೋಗ್ತಿ," ಎಂದುಬಿಟ್ಟೆ. ಹಾಗೆಲ್ಲ ಮಾತು ಕೊಡಬಾರದು, ಗೊತ್ತು. ಆದರೆ ಕೊಟ್ಟಾಗಿತ್ತು. ಉಸಿರು ಎಳೆದರೆ ಮೂರು ಗುಂಡು ಮೇಲೇಳುವ ಪ್ಲಾಸ್ಟಿಕ್ ಉಪಕರಣವನ್ನು ಕೈಗಿಟ್ಟು, ಅಭ್ಯಾಸ ಹೇಳಿಕೊಟ್ಟು ಕಳಿಸಿದೆ.

ಆರು ವಾರದ ಮೇಲೆ ಸ್ಪೈರೋಮೆಟ್ರಿ ಮಾಡಿದೆ. ಪೂರ್ತಿ ಉಸಿರೆಳೆದು ಒಮ್ಮೆಲೇ ಊದಿದರೆ ಎಷ್ಟು ಗಾಳಿ ಹೊರಬರುತ್ತದೆಂದು ಅಳೆಯುವ ಪರೀಕ್ಷೆ ಅದು. ಆಪರೇಷನ್ನಿಗೆ ಮುಂಚೆ 2.1 ಲೀಟರ್ ಇದ್ದದ್ದು 1.3ಕ್ಕೆ ಇಳಿದಿತ್ತು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ತಳ ಮುದುಡಿತ್ತು. ಹೈದರಾಬಾದಿನ ಸರ್ಜನ್ ಫೋನಿನಲ್ಲಿ, "ಬಾರ್ ಸರಿಯಾದ ಜಾಗದಲ್ಲೇ ಇದೆ. ಒಂದು ತಿಂಗಳು ನೋಡಿ. ಏರದಿದ್ದರೆ ತೆಗೆಯುವ ಯೋಚನೆ ಮಾಡಬೇಕಾಗುತ್ತದೆ," ಎಂದರು. ಇಷ್ಟು ಬೇಗ ತೆಗೆದರೆ ಎದೆ ಮತ್ತೆ ಕುಸಿಯುತ್ತದೆ, ಹುಡುಗಿ ಮತ್ತೆ ಒಲೆಯ ಮುಂದೆ. ನನಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ, ಬಹುಶಃ ಆ ಅಂಕಿಯ ಮೇಲೆ. ಮನೆಗೇ ಹೋಗಿ ನೋಡುತ್ತೇನೆ ಎಂದು ಹಟ ಹಿಡಿದು ಮರುದಿನ ಸಗರದ ಬಸ್ಸು ಹತ್ತಿದೆ.

ಮೂರು ಗುಂಡಿನ ಉಪಕರಣ ಗೂಟಕ್ಕೆ ನೇತುಬಿದ್ದಿತ್ತು. ಮಾಳಮ್ಮನ ಬೆನ್ನ ಮೇಲೆ ಕೈಯಿಟ್ಟರೆ ಕುಪ್ಪಸದ ಒಳಗೆ ಏನೋ ಗಟ್ಟಿಯಾಗಿ ತಗುಲಿತು. ಕಂಕುಳಿಂದ ಸೊಂಟದವರೆಗೆ ಕಂಬಳಿಯ ಸೀಳು ಬಿಗಿಯಾಗಿ ಸುತ್ತಿದ್ದರು. ಪಕ್ಕಕ್ಕೆ ಬಿದಿರಿನ ದಬ್ಬೆ ಬೇರೆ.

"ದವಾಖಾನಿಗೆ ಬರೂಮುಂದ ಬಿಚ್ಚತಿದ್ವಿರಿ," ಎಂದಳು ಮಾಳಮ್ಮ, ತಲೆ ತಗ್ಗಿಸಿ.

"ಯಾರು ಕಟ್ಟಿದ್ದು?"

"ನಾನ ಕಟ್ಟೀನ್ರಿ ಅಕ್ಕೋರ," ಎಂದಳು ಅಜ್ಜಿ ಬೀರವ್ವ, ಸ್ವಲ್ಪವೂ ಅಳುಕದೆ. "ಎಲಬು ಎತ್ತಿ ಕೂಡಿಸ್ಯಾರ ಅಂದಮ್ಯಾಲ ಕಟ್ಟಲಾರದ ಹ್ಯಾಂಗ ಕೂಡ್ತದ? ಕುರಿ ಕಾಲು ಮುರಿದ್ರ ಹಿಂಗ ಕಟ್ತೀವಿ. ನಮ್ಮ ಹಿಂಡಿನ್ಯಾಗ ಒಂದೂ ಕುಂಟ ಉಳಿದಿಲ್ಲ."

ಬೈಯುವುದು ಬಿಟ್ಟು ಅವಳ ಪಕ್ಕ ಕೂತೆ. ಮುದುಕಿಯ ಲೆಕ್ಕ ತಪ್ಪಿರಲಿಲ್ಲ, ಕಟ್ಟಿದ ಜಾಗ ತಪ್ಪಿತ್ತು.

"ಕಾಲು ಮುರಿದ್ರ ಕಟ್ತೀರಿ, ಖರೆ. ಕುರಿ ಪಕ್ಕೆಲಬು ಮುರಿದ್ರ?"

"ಪಕ್ಕೆಲಬು ಕಟ್ಟಂಗಿಲ್ರಿ. ಕಟ್ಟಿದ್ರ ಉಬ್ಬಸ ಹತ್ತಿ ಸಾಯ್ತದ."

ಹಾಗೆಂದವಳು ಮೊಮ್ಮಗಳ ಮುಖ ನೋಡಿದಳು. ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ತಾನೇ ಗಂಟು ಬಿಚ್ಚತೊಡಗಿದಳು. "ಸಾಕಿದ ಕೈಲೇ ಸಾಯ್ಸಾಕತ್ತಿದ್ನಲ್ರೀ," ಎಂದು ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

"ಅಳಬ್ಯಾಡ್ರಿ ಅವ್ವಾ. ಇನ್ನ ಮ್ಯಾಲ ಇಕಿ ಉಸಿರು ನಿಮ್ಮ ಜವಾಬ್ದಾರಿ," ಎಂದೆ.

ಅಜ್ಜಿ ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಮೂರೂ ಗುಂಡು ಏರುವ ತನಕ ಮೊಮ್ಮಗಳಿಗೆ ಬೆಳಗಿನ ಚಹಾ ಸಿಗುತ್ತಿರಲಿಲ್ಲವಂತೆ. ಭಾರ ಎತ್ತಬಾರದು, ಮೈ ತಿರುಚಬಾರದು, ಮರಿಯನ್ನೂ ಎತ್ತಿಕೊಳ್ಳಬಾರದು ಎಂದು ಹೇಳಿದ್ದೆ. "ಕೂಗು ಹಾಕಬಹುದೇನ್ರಿ?" ಎಂದು ಅಜ್ಜಿಯೇ ಕೇಳಿದಳು. ಧಾರಾಳವಾಗಿ ಎಂದೆ. ಹಿಂಡನ್ನು ಕರೆಯುವ ಕೂಗಿಗೆ ಎದೆ ತುಂಬ ಉಸಿರು ಬೇಕು, ನನಗೆ ಬೇಕಾದದ್ದೂ ಅದೇ. ಅಂದಿನಿಂದ ದಿನಾ ಬೆಳಿಗ್ಗೆ ಮಾಳಮ್ಮ ಕಾಲುವೆಯ ಏರಿಯ ಮೇಲೆ ನಡೆಯುತ್ತ ಕೂಗು ಹಾಕಬೇಕು, ಆಚೆ ದಂಡೆಯಲ್ಲಿ ನಿಂತ ಅಜ್ಜಿ ಕೇಳಿತು ಎನ್ನಬೇಕು. ಅಜ್ಜಿಯ ಕಿವಿ ಮೊದಲೇ ಮಂದ. ಹುಡುಗಿ ಇದನ್ನು ಹೇಳಿಕೊಂಡು ನಗುತ್ತಿದ್ದಳು.

ಒಂದು ತಿಂಗಳಿಗೆ ಅಂಕಿ 1.8ಕ್ಕೆ ಬಂತು. ಬಾರ್ ಉಳಿಯಿತು. ಸುಗ್ಗಿಯ ಹೊತ್ತಿಗೆ 2.2. ಎಕೋದಲ್ಲಿ ಹೃದಯ ಒತ್ತಡವಿಲ್ಲದೆ ತುಂಬಿಕೊಳ್ಳುತ್ತಿತ್ತು. ಆಸ್ಪತ್ರೆಯ ವರಾಂಡದಲ್ಲಿ ಅವಳನ್ನು ನಡೆಸಿ ನೋಡುವಾಗ ಮೊದಲು ಏದುಸಿರು ಬಿಟ್ಟವಳು ನಾನು.

ಆಮೇಲೆ ಯಾವ ರೋಗಿಯನ್ನು ಮನೆಗೆ ಕಳಿಸುವಾಗಲೂ, ಜೊತೆಗೆ ಬಂದ ಹಿರಿಯರನ್ನು ಕೂರಿಸಿ, "ಮನ್ಯಾಗ ನೀವು ಇದಕ್ಕ ಏನು ಮಾಡ್ತೀರಿ?" ಎಂದು ಕೇಳದೆ ಬಿಡಲಿಲ್ಲ. ಮನೆಯವರು ಸುಮ್ಮನೆ ಕೂರುವುದಿಲ್ಲ, ಪ್ರೀತಿ ಇದ್ದಲ್ಲಿ ಏನಾದರೊಂದು ಮಾಡಿಯೇ ಮಾಡುತ್ತಾರೆ. ಅದೇನೆಂದು ಮೊದಲೇ ತಿಳಿದುಕೊಳ್ಳುವುದೂ ಚಿಕಿತ್ಸೆಯ ಭಾಗ ಎಂದು ಈ ಕೆಲಸ ನನಗೆ ಕಲಿಸಿತು.

ಸುಗ್ಗಿ ಮುಗಿದ ಮೇಲೆ ಒಮ್ಮೆ ಹುಣಸಗಿಗೆ ಹೊರಟಿದ್ದೆ. ಕಾಲುವೆಯ ಸೇತುವೆ ಹತ್ತಿರ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಡ್ರೈವರ್ ಎಷ್ಟು ಹಾರ್ನ್ ಹೊಡೆದರೂ ಒಂದು ಕುರಿಯೂ ಕದಲಲಿಲ್ಲ. ಆಗ ಕೊಯ್ದ ಗದ್ದೆಯ ಕಡೆಯಿಂದ ಉದ್ದನೆಯ ಕೂಗೊಂದು ಎದ್ದಿತು, ಇಡೀ ಹಿಂಡು ಆ ಕಡೆ ತಿರುಗಿತು. ಹೆಗಲ ಮೇಲೆ ಕೋಲಿಟ್ಟುಕೊಂಡು ಮಾಳಮ್ಮ ನಿಂತಿದ್ದಳು.

"ಏನು ಗಂಟಲಪ್ಪ ಇಕೀದು," ಎಂದ ಡ್ರೈವರ್.

"ಗಂಟಲಲ್ಲಪ್ಪ," ಎಂದೆ ನಾನು, "ಎದಿ."